ಹಾಲೆಯ ಕಹಿ, ಅಸೀಮಾ ಅವರ ಕೆಲಸ

ತುಳುನಾಡಿನ ಆಟಿ ತಿಂಗಳ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಅಪ್ಪ ಹಾಲೆ ಮರದ ತೊಗಟೆ ತರುತ್ತಿದ್ದರು. ಕತ್ತಿ ತಾಗಿಸಬಾರದು, ಕಲ್ಲಿನಿಂದಲೇ ಜಜ್ಜಿ ಕೀಳಬೇಕು. ಅಮ್ಮ ಬೆಳ್ಳುಳ್ಳಿ, ಕಾಳುಮೆಣಸು, ಓಮ ಸೇರಿಸಿ ಅರೆದು ರಸ ಹಿಂಡುತ್ತಿದ್ದರು. ಕೆಂಡದಲ್ಲಿ ಕಾಯಿಸಿದ ಬಿಳಿಕಲ್ಲನ್ನು ಅದಕ್ಕೆ ಹಾಕಿದರೆ ಚುಂಯ್ ಅಂತ ಸದ್ದು. ಆಮೇಲೆ ಮೆಂತೆ ಗಂಜಿ ಉಂಡರೂ ಆ ಕಹಿ ನಾಲಿಗೆ ಬಿಡುತ್ತಿರಲಿಲ್ಲ.

ಎಂ.ಎಸ್ಸಿ. ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ಅದೇ ತೊಗಟೆ. ಪುಡಿ ಮಾಡಿ ಆಲ್ಕೋಹಾಲಿನಲ್ಲಿ ನೆನೆಸಿ, ಆಮ್ಲಕ್ಕೆ ಇಳಿಸಿ, ಅಮೋನಿಯಾ ಹಾಕಿ ಆಲ್ಕಲಾಯ್ಡ್, ಅಂದರೆ ಗಿಡದೊಳಗಿನ ಸಾರಜನಕವುಳ್ಳ ಒಂದು ಬಗೆಯ ರಾಸಾಯನಿಕ, ಬೇರ್ಪಡಿಸಬೇಕು. ಮೂರು ವಾರ ಕಷ್ಟಪಟ್ಟರೆ ಸಿಕ್ಕಿದ್ದು ಚಿಟಿಕೆಯಷ್ಟು ಕಂದು ಪುಡಿ. ಆ ದಿನಗಳಲ್ಲೇ ರಸಾಯನಶಾಸ್ತ್ರಜ್ಞೆ ಅಸೀಮಾ ಚಟರ್ಜಿಯವರ ಬಗ್ಗೆ ಓದಿದೆ.

ಹುಟ್ಟಿದ್ದು 1917ರಲ್ಲಿ, ಕಲ್ಕತ್ತೆಯಲ್ಲಿ. ತಂದೆ ಡಾಕ್ಟರ್, ಅವರಿಗೆ ಗಿಡಗಳ ಮೇಲೆ ಪ್ರೀತಿ ಜಾಸ್ತಿ. 1944ರಲ್ಲಿ ಅಸೀಮಾ ಕಲ್ಕತ್ತಾ ವಿಶ್ವವಿದ್ಯಾಲಯದಿಂದ ಡಿ.ಎಸ್ಸಿ. (ಡಾಕ್ಟರ್ ಆಫ್ ಸೈನ್ಸ್) ಪಡೆದರು. ಭಾರತದ ವಿಶ್ವವಿದ್ಯಾಲಯವೊಂದು ಹೆಣ್ಣುಮಗಳಿಗೆ ಈ ಪದವಿ ಕೊಟ್ಟದ್ದು ಅದೇ ಮೊದಲು.

ಆಗ ಈಗಿನ ಹಾಗೆ ಅಣುವಿನ ರಚನೆ ತಿಳಿಯಲು ನೆರವಾಗುವ ಎನ್‌ಎಂಆರ್ ಯಂತ್ರ ಇರಲಿಲ್ಲ. ಅಣುವನ್ನು ಒಡೆಯಬೇಕು, ತುಂಡುಗಳನ್ನು ಒಂದೊಂದಾಗಿ ಗುರುತಿಸಬೇಕು, ಇಡೀ ಅಣು ಹೇಗಿತ್ತು ಅಂತ ಹಿಂದಕ್ಕೆ ಲೆಕ್ಕ ಹಾಕಬೇಕು. ಸರ್ಪಗಂಧದ ಜಾತಿಯ ಗಿಡಗಳ ಆಲ್ಕಲಾಯ್ಡುಗಳ ಮೇಲೆ ಅವರು ವರ್ಷಗಟ್ಟಲೆ ಕೆಲಸ ಮಾಡಿದರು. ನನ್ನ ಮೂರು ವಾರ ನೆನೆದರೆ ಆ ತಾಳ್ಮೆ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ.

ಜಟಾಮಾಂಸಿ ಮತ್ತು ನೀರಿನಲ್ಲಿ ಬೆಳೆಯುವ ನಾಲ್ಕೆಲೆಯ ಒಂದು ಜರಿಗಿಡದಿಂದ ಮೂರ್ಛೆರೋಗಕ್ಕೆ 'ಆಯುಷ್-56' ಔಷಧ ತಂದರು. ಮಲೇರಿಯಾಕ್ಕೆ ಮಾಡಿದ ಔಷಧದಲ್ಲಿ ಕಿರಾತಕಡ್ಡಿ, ಕಟುಕರೋಹಿಣಿ, ಗಜ್ಜುಗದ ಜೊತೆ ನಮ್ಮ ಹಾಲೆಯೂ ಇತ್ತು! ಅದನ್ನು ಓದಿದಾಗ ಮೈ ಜುಮ್ ಅಂದಿತ್ತು. ಅಜ್ಜಿಮದ್ದು ಅಂತ ಅವರು ತಳ್ಳಿಹಾಕಲಿಲ್ಲ, ಸುಮ್ನೆ ನಂಬಲೂ ಇಲ್ಲ. ಒಳಗೆ ಏನಿದೆ ಅಂತ ತೆಗೆದು ನೋಡಿದರು. ನನಗೆ ಅವರಲ್ಲಿ ತುಂಬಾ ಇಷ್ಟವಾದದ್ದು ಇದೇ.

1961ರಲ್ಲಿ ವಿಜ್ಞಾನಿಗಳಿಗೆ ಕೊಡುವ ಭಟ್ನಾಗರ್ ಪ್ರಶಸ್ತಿ, 1975ರಲ್ಲಿ ಪದ್ಮಭೂಷಣ ಬಂತು. 2006ರಲ್ಲಿ ತೀರಿಕೊಂಡರು.

ಕಳೆದ ಆಟಿಯಲ್ಲಿ ಕಷಾಯದ ಲೋಟ ಹಿಡಿದು ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಅಮ್ಮ ಪೂರ್ತಿ ಕೇಳಿ, "ಕಲ್ಕತ್ತೆಯಲ್ಲೂ ಹಾಲೆ ಮರ ಉಂಟಾ?" ಅಂದರು.

"ಉಂಟಮ್ಮ. ಅಲ್ಲಿ ಅದಕ್ಕೆ ಛಾತಿಮ್ ಅಂತಾರೆ."