ಎಟಿಕೆಟ್ ಇಲ್ಲ ಅಂದರೆ ಏನು ಇಲ್ಲ?

ಈಚೆಗೆ ದಾವಣಗೆರೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಅಣಕು ಸಂದರ್ಶನ ಇತ್ತು. ಜಗಳೂರು ಕಡೆಯ ಹುಡುಗನೊಬ್ಬ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಕೈಮುಗಿದು ಒಳಗೆ ಬಂದ. ‘ಕೂತ್ಕೊಳ್ಳಪ್ಪ’ ಅಂದರೂ ‘ಇರ್ಲಿ ಸರ್’ ಅಂತ ನಿಂತೇ ಇದ್ದ. ಅಂಕಪಟ್ಟಿಯಲ್ಲಿ ಒಬ್ಬರು ‘ಎಟಿಕೆಟ್ ಇಲ್ಲ’ ಎಂದು ಬರೆದರು. ಹುಡುಗ ಅದನ್ನು ಓದಿ ಮುಖ ಸಣ್ಣ ಮಾಡಿಕೊಂಡ. ಮಧ್ಯಾಹ್ನದ ತರಗತಿ ಪೂರ್ತಿ ಆ ಒಂದು ಪದಕ್ಕೇ ಹೋಯಿತು, ಹೋಗಲೇಬೇಕಿತ್ತು.

ಎಟಿಕೆಟ್ ಮೂಲದಲ್ಲಿ ಫ್ರೆಂಚ್ ಪದ. ಹಳೆಯ ಫ್ರೆಂಚಿನಲ್ಲಿ ಅಂಟಿಸು, ಸಿಕ್ಕಿಸು ಎಂಬ ಕ್ರಿಯಾಪದದಿಂದ ಹುಟ್ಟಿದ್ದು. ಅರ್ಥ ಬರೀ ಚೀಟಿ. ಇವತ್ತಿಗೂ ಫ್ರಾನ್ಸಿನ ಅಂಗಡಿಗಳಲ್ಲಿ ಬಟ್ಟೆಗೆ ಹಚ್ಚಿದ ಬೆಲೆಚೀಟಿಗೆ ಇದೇ ಹೆಸರು. ಆಮೇಲೆ ಅರಮನೆಯಲ್ಲಿ ಯಾರು ಎಲ್ಲಿ ನಿಲ್ಲಬೇಕು, ಯಾರ ಹಿಂದೆ ಯಾರು ನಡೆಯಬೇಕು ಎಂಬ ಕಟ್ಟಳೆಗೂ ಅದೇ ಪದ ಬಂತು. ಈ ಅರ್ಥ ಹೊತ್ತು ಇಂಗ್ಲಿಷಿಗೆ ಸೇರಿದ್ದು 1750ರ ಸುಮಾರಿಗೆ. ಅದಕ್ಕೂ ಮುಂಚೆ, 16ನೇ ಶತಮಾನದಲ್ಲೇ, ಅದೇ ಬೇರಿನ ಇನ್ನೊಂದು ಕುಡಿ ಇಂಗ್ಲಿಷಿಗೆ ಬಂದಾಗಿತ್ತು: ಟಿಕೆಟ್. ಹರಿಹರದ ಬಸ್ಸಿನಲ್ಲಿ ಕಂಡಕ್ಟರ್ ಕೊಡುವುದೂ ಅದೇ ವಂಶದ್ದು ಅಂದಾಗ ಹಿಂದಿನ ಬೆಂಚಿನವರೂ ತಲೆ ಎತ್ತಿದರು.

ಫ್ರಾನ್ಸಿನ ವರ್ಸೇಲ್ಸ್ ಅರಮನೆಯ ಮಾಲಿ ಹುಲ್ಲು ತುಳಿಯಬೇಡಿ ಎಂದು ಫಲಕ ನೆಟ್ಟ, ಪದ ಹುಟ್ಟಿದ್ದೇ ಅಲ್ಲಿಂದ ಎಂಬ ಕಥೆಯೊಂದು ಓಡಾಡುತ್ತದೆ. ನಂಬಬೇಡಿ. ಆ ತೋಟ 17ನೇ ಶತಮಾನದ್ದು, ಪದ ಅದಕ್ಕಿಂತ ಹಳೆಯದು.

ಮ್ಯಾನರ್ಸ್ ಬೇರೆಯೇ ಪದ. ಅದರ ಬೇರು ಕೈ ಎಂಬರ್ಥದ ಲ್ಯಾಟಿನ್ ಪದ ಮಾನುಸ್. ಕೈಯಿಂದ ಮಾಡುವ ಬಗೆ ಎಂಬುದರಿಂದ ನಡೆದುಕೊಳ್ಳುವ ಬಗೆಯಾಯಿತು. ಮ್ಯಾನರ್ಸ್ ಮನುಷ್ಯನ ಜೊತೆ ಎಲ್ಲಿಗಾದರೂ ಬರುತ್ತದೆ. ಎಟಿಕೆಟ್ ಒಂದು ಜಾಗದ, ಒಂದು ವೃತ್ತಿಯ ನಿಯಮ. ಕೋರ್ಟಿನದು ಬೇರೆ, ಆಸ್ಪತ್ರೆಯದು ಬೇರೆ. ಹಿರಿಯರ ಮುಂದೆ ಕೂರಲು ಹಿಂಜರಿದ ಹುಡುಗನಿಗೆ ಮ್ಯಾನರ್ಸ್ ಧಾರಾಳವಾಗಿತ್ತು. ಆ ಕೋಣೆಯ ನಿಯಮವನ್ನು ಅವನಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ಅದಕ್ಕೇ ಅಂಕಪಟ್ಟಿಯಲ್ಲಿ ‘ಎಟಿಕೆಟ್ ಇಲ್ಲ’ ಅನ್ನುವ ಬದಲು ತಪ್ಪಿದ ನಿಯಮವನ್ನೇ ಬರೆಯಬೇಕು: ಶೂ ಹಾಕಿಕೊಂಡೇ ಬರುವುದು, ಕೂರಲು ಹೇಳಿದ ಕೂಡಲೇ ಕೂರುವುದು, ಫೋನ್ ಸೈಲೆಂಟ್ ಮಾಡುವುದು. ಹೀಗೆ ಬರೆದರೆ ಐದು ನಿಮಿಷದಲ್ಲಿ ಕಲಿಯಬಹುದು. ಇಲ್ಲವಾದರೆ ಅದು ಹೆತ್ತವರ ಮೇಲಿನ ದೂರಾಗಿ ಕೇಳಿಸುತ್ತದೆ.

ಬಳಸುವಾಗ ಇನ್ನೆರಡು ಎಚ್ಚರ. ಎಟಿಕೆಟ್ಟಿಗೆ ಬಹುವಚನದ ಎಸ್ ಹಚ್ಚುವುದಿಲ್ಲ. ಮ್ಯಾನರ್ಸ್‌ಗೆ ಬೇಕೇ ಬೇಕು, ತೆಗೆದರೆ ಬರೀ ರೀತಿ ಎಂದಾಗುತ್ತದೆ. ಎಟಿಕೆಟ್ಟಿನ ಸ್ಪೆಲ್ಲಿಂಗಿನಲ್ಲಿ ಎಡವುವುದು ನಡುವೆ: ಅಲ್ಲಿ ಕೆ ಇಲ್ಲ, ಕ್ಯೂ ಮತ್ತು ಯು ಇವೆ, ಆಮೇಲೆ ಇ, ಎರಡು ಟಿ, ಕೊನೆಗೊಂದು ಇ.