ದಾರಿಯಲ್ಲಿ ಗಾಡಿ ಕೈ ಕೊಟ್ಟರೆ ಏನು ಮಾಡ್ತೀರಿ?

ನಾವಿಬ್ಬರು ಇಬ್ಬರು ಮಕ್ಕಳನ್ನು ಕರೆದುಕೊಂಡು ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವಂಥ ಸೆಕೆಂಡ್ ಹ್ಯಾಂಡ್ ಕ್ಯಾಂಪರ್‌ವ್ಯಾನ್‌ನಲ್ಲಿ ಒಂದಿಡೀ ಬೇಸಿಗೆ ಫ್ರಾನ್ಸ್, ಸ್ಪೇನ್, ಇಟಲಿ ಸುತ್ತಿ ಬಂದೆವು. ಅಂದಿನಿಂದ ಈ ಪ್ರಶ್ನೆ ಬೆನ್ನು ಬಿಟ್ಟಿಲ್ಲ. ಊರಿಂದ ಅಮ್ಮ ಫೋನಿನಲ್ಲಿ ಕೇಳುತ್ತಾರೆ: "ಆ ಪುಟ್ಟ ಮಕ್ಕಳನ್ನ ಕಟ್ಕೊಂಡು ನಡುದಾರೀಲಿ ನಿಂತ್ರೆ ಏನೇ ಮಾಡ್ತೀಯ?" ಜರ್ಮನಿಯಲ್ಲಿ ನಾವಿರುವ ಸ್ಟುಟ್‌ಗಾರ್ಟ್‌ನ ಕನ್ನಡದ ಗೆಳೆಯರು ಹಬ್ಬದೂಟಕ್ಕೆ ಸೇರಿದಾಗಲೂ ಅದೇ ಪ್ರಶ್ನೆ. ಅವರಲ್ಲಿ ಕೆಲವರು ತಾವೂ ಹೊರಡಬೇಕು ಅಂದುಕೊಂಡಿದ್ದಾರೆ. ಆದ್ದರಿಂದ ಒಮ್ಮೆ ಪೂರ್ತಿಯಾಗಿ ಬರೆದುಬಿಡುತ್ತೇನೆ.

ನನ್ನ ಉತ್ತರ ಇಷ್ಟು: ರಾತ್ರಿ ಎಲ್ಲಿ ಮಲಗುವುದು ಅಂತ ಮೊದಲು ನೋಡುತ್ತೇವೆ. ಗಾಡಿಯ ವಿಚಾರ ಆಮೇಲೆ.

ಕಾರು ಕೆಟ್ಟರೆ ಕಾರು ಮಾತ್ರ ಕೆಡುತ್ತದೆ. ಕ್ಯಾಂಪರ್‌ವ್ಯಾನ್ ಹಾಗಲ್ಲ. ಅದು ಗ್ಯಾರೇಜಿಗೆ ಹೋದರೆ ನಿಮ್ಮ ಹಾಸಿಗೆ, ಒಲೆ, ಫ್ರಿಜ್ಜು, ಮಕ್ಕಳ ಬಟ್ಟೆ, ಜ್ವರದ ಔಷಧಿ ಎಲ್ಲವೂ ಅದರ ಜೊತೆಗೇ ಹೋಗುತ್ತವೆ. ಸಂಜೆ ಗ್ಯಾರೇಜಿನ ಗೇಟಿಗೆ ಬೀಗ ಬಿತ್ತು ಅಂದರೆ ಮನೆಗೇ ಬೀಗ ಬಿದ್ದ ಹಾಗೆ. ಹೊರಡುವ ಮೊದಲು ಎಲ್ಲರೂ ಎಂಜಿನ್ ಬಗ್ಗೆ ಚಿಂತೆ ಮಾಡುತ್ತಾರೆ. ಈ ಬೀಗದ ಬಗ್ಗೆ ಯಾರೂ ಯೋಚಿಸುವುದಿಲ್ಲ.

ಫ್ರಾನ್ಸಿನಲ್ಲಿ ಲಿಯೋನ್ ದಾಟಿ ದಕ್ಷಿಣಕ್ಕೆ ಇಳಿಯುವ ಎ7 ಹೆದ್ದಾರಿಯಲ್ಲಿ, ಜುಲೈನ ಒಂದು ಶನಿವಾರ, ಹಿಂದಿನ ಬಲಗಡೆಯ ಟೈರ್ ಹೋಯಿತು. ರಸ್ತೆಯಲ್ಲಿ ಬಿದ್ದಿದ್ದ ಯಾವುದೋ ಲೋಹದ ಚೂರು ಟೈರಿನ ಪಕ್ಕವನ್ನು ಉದ್ದಕ್ಕೆ ಸೀಳಿತ್ತು. ತುಂಬಾ ಕ್ಯಾಂಪರ್‌ಗಳಲ್ಲಿ ಸ್ಟೆಪ್ನಿ ಇರುವುದಿಲ್ಲ. ಬದಲಿಗೆ ನೊರೆ ತುಂಬುವ ಡಬ್ಬಿ, ಒಂದು ಚಿಕ್ಕ ಪಂಪು ಕೊಟ್ಟಿರುತ್ತಾರೆ. ಮೊಳೆ ಚುಚ್ಚಿದ ಪಂಕ್ಚರ್‌ಗೆ ಅದು ಸಾಕು, ಪಕ್ಕ ಸೀಳಿದ ಟೈರಿಗೆ ಅದರಿಂದ ಏನೂ ಆಗುವುದಿಲ್ಲ.

ಇವರು ಗಾಡಿಯನ್ನು ಮೆಲ್ಲಗೆ ಅಂಚಿಗೆ ತಂದು ನಿಲ್ಲಿಸಿದರು. ಸೀಟಿನ ಪಕ್ಕದಲ್ಲೇ ಇದ್ದ ಹಳದಿ ಜಾಕೆಟ್‌ಗಳನ್ನು ಒಳಗೇ ಹಾಕಿಕೊಂಡೆವು. ಫ್ರಾನ್ಸಿನಲ್ಲಿ ಜಾಕೆಟ್ ಕೈಗೆ ಸಿಗುವ ಕಡೆ ಇರಬೇಕು ಅನ್ನುವುದು ಕಾನೂನು, ಡಿಕ್ಕಿಯಲ್ಲಿ ಇಟ್ಟರೆ ಆಗದು. ಇಲ್ಲಿ ಗಾಡಿಗಳು ರಸ್ತೆಯ ಬಲಗಡೆ ಓಡುತ್ತವೆ, ವ್ಯಾನ್‌ಗಳ ಸರಿಯುವ ಬಾಗಿಲೂ ಬಲಗಡೆಯೇ ಇರುತ್ತದೆ, ಹಾಗಾಗಿ ಮಕ್ಕಳು ವಾಹನಗಳ ಕಡೆಗೆ ಇಳಿಯಬೇಕಾಗಲಿಲ್ಲ. ನಾಲ್ವರೂ ಕಬ್ಬಿಣದ ತಡೆಗೋಡೆ ದಾಟಿ ಹುಲ್ಲಿನ ದಿಬ್ಬ ಹತ್ತಿ ಕುಳಿತೆವು. ಲಾರಿಗಳು ಹಾದುಹೋದಾಗಲೆಲ್ಲ ನಮ್ಮ ಗಾಡಿ ಅಲುಗಾಡುತ್ತಿತ್ತು. ಅದನ್ನು ನೋಡಿದ ಮೇಲೆ ಒಳಗೆ ಕೂತಿರಬೇಡಿ ಅಂತ ಯಾಕೆ ಹೇಳುತ್ತಾರೆ ಅಂತ ಯಾರೂ ವಿವರಿಸಬೇಕಾಗಿಲ್ಲ.

ಅಲ್ಲಿನ ಹೆದ್ದಾರಿಯಲ್ಲಿ ನಿಮಗೆ ಬೇಕಾದ ಟೋ ಗಾಡಿಯನ್ನು ನೀವೇ ಕರೆಸುವಂತಿಲ್ಲ. ಗಾಡಿ ಕೆಟ್ಟಾಗ ನೆರವಾಗುವ ಜರ್ಮನಿಯ ಮೋಟಾರು ಕ್ಲಬ್ಬಿನ ಸದಸ್ಯತ್ವ ಇದ್ದರೂ ಅಷ್ಟೇ. ಅನುಮತಿ ಪಡೆದವರು ಮಾತ್ರ ಬರಬೇಕು. ಅವರ ದರವನ್ನು ಸರ್ಕಾರವೇ ಗೊತ್ತು ಮಾಡಿದೆ, ರಾತ್ರಿ ಮತ್ತು ಶನಿವಾರ, ಭಾನುವಾರ ಅದು ಅರ್ಧದಷ್ಟು ಜಾಸ್ತಿ. ರಸ್ತೆ ಬದಿಯಲ್ಲಿ ಸುಮಾರು 2 ಕಿಲೋಮೀಟರಿಗೊಂದು ಕಿತ್ತಳೆ ಬಣ್ಣದ ಎಸ್‌ಒಎಸ್ ಫೋನು ಇರುತ್ತದೆ. ಅದರಿಂದ ಮಾತಾಡಿದರೆ ನೀವು ಎಲ್ಲಿದ್ದೀರಿ ಅಂತ ಅವರಿಗೆ ತಾನಾಗೇ ಗೊತ್ತಾಗುತ್ತದೆ. ಭಾಷೆ ಬಾರದವರಿಗೆ ಇದು ದೊಡ್ಡ ಅನುಕೂಲ. ದುಡ್ಡು ಕೊಟ್ಟು ರಸೀದಿ ತೆಗೆದುಕೊಂಡೆವು, ಜರ್ಮನಿಗೆ ಬಂದ ಮೇಲೆ ಆ ದುಡ್ಡು ಕ್ಲಬ್ಬಿನಿಂದ ವಾಪಸ್ ಬಂತು.

ನಮ್ಮ ಅಳತೆಯ ಟೈರ್ ಸೋಮವಾರವೇ ಬರುವುದು ಅಂತ ಗ್ಯಾರೇಜಿನವರು ಹೇಳಿದರು. ಅವರ ಅಂಗಳದಲ್ಲಿ ಯಾರೂ ಮಲಗುವಂತಿಲ್ಲ. ಆಗ ನೆರವಿಗೆ ಬಂದದ್ದು ನಾವು ಮೊದಲ ದಿನದಿಂದ ಬಾಗಿಲ ಬಳಿ ನೇತುಹಾಕಿದ್ದ ಚೀಲ. ಪಾಸ್‌ಪೋರ್ಟ್, ಜರ್ಮನಿಯ ವಾಸದ ಕಾರ್ಡು, ವಿಮೆಯ ಕಾರ್ಡು, ಒಂದೊಂದು ಜೊತೆ ಬಟ್ಟೆ, ಪ್ಯಾರಾಸಿಟಮಾಲ್ ಸಿರಪ್, ಒಂದು ಪೊಟ್ಟಣ ಅವಲಕ್ಕಿ, ಚಟ್ನಿಪುಡಿ, ಚಿಕ್ಕವಳ ಬಟ್ಟೆಯ ಆನೆ. ಆ ಚೀಲ, ಜೊತೆಗೆ ಮಕ್ಕಳ ಎರಡು ಕಾರ್ ಸೀಟು ತೆಗೆದುಕೊಂಡು ಟ್ಯಾಕ್ಸಿ ಹತ್ತಿದೆವು. ಸೀಟುಗಳನ್ನು ಗಾಡಿಯಲ್ಲೇ ಬಿಟ್ಟಿದ್ದರೆ ಟ್ಯಾಕ್ಸಿಯಲ್ಲಿ ಮಕ್ಕಳನ್ನು ಸುರಕ್ಷಿತವಾಗಿ ಕೂರಿಸುವುದೂ ಕಷ್ಟವಿತ್ತು. ಹೋಟೆಲಿನ ಕೋಣೆಯಲ್ಲಿ ಬಿಸಿನೀರಿಗೆ ಅವಲಕ್ಕಿ ನೆನೆಸಿ ಕೊಟ್ಟೆ. ಮಕ್ಕಳು ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡಿ ಸುಸ್ತಾಗಿ ಮಲಗಿದರು. ಅವರ ಪಾಲಿಗೆ ಅದೂ ಪ್ರವಾಸವೇ.

ಸ್ಪೇನಿನ ಗಡಿಯಿಂದ ಬಾರ್ಸಿಲೋನಾ ಕಡೆಗೆ ಹೋಗುವ ಎಪಿ-7 ರಸ್ತೆಯಲ್ಲಿ, "ನಿಮ್ಮ ಟೈರ್ ಹೋಗಿದೆ" ಅಂತ ಪಕ್ಕದ ಕಾರಿನಿಂದ ಕೈಸನ್ನೆ ಮಾಡಿ ಗಾಡಿ ನಿಲ್ಲಿಸಿ ಸಾಮಾನು ಕದಿಯುವವರಿದ್ದಾರೆ. ಇದನ್ನು ಬಲ್ಲವರು ಮೊದಲೇ ಹೇಳಿದ್ದರು. ನಮಗೂ ಒಬ್ಬರು ಕೈಸನ್ನೆ ಮಾಡಿದರು. ನಾವು ನಿಲ್ಲಿಸದೆ ಮುಂದಿನ ಪೆಟ್ರೋಲ್ ಬಂಕ್‌ವರೆಗೂ ಹೋಗಿ, ಜನರಿರುವ ಕಡೆ ಇಳಿದು ನೋಡಿದೆವು. ಟೈರ್ ಸರಿಯಾಗೇ ಇತ್ತು.

ಕರೆಂಟಿನ ಕಥೆ ಇನ್ನೊಂದು. ಹಳೆಯ ಕ್ಯಾಂಪ್‌ಸೈಟ್ ಒಂದರಲ್ಲಿ ಕೊಡುತ್ತಿದ್ದದ್ದು ಬರೀ 4 ಆಂಪಿಯರ್. 230 ವೋಲ್ಟಿನ ಲೆಕ್ಕದಲ್ಲಿ 920 ವಾಟ್. 700 ವಾಟಿನ ಕುಕ್ಕರ್‌ನಲ್ಲಿ ಅನ್ನ ಬೇಯುತ್ತಿದ್ದಾಗ ಚಟ್ನಿಗೆ ಊರಿನ 750 ವಾಟಿನ ಮಿಕ್ಸಿ ತಿರುಗಿಸಿದರೆ ಟ್ರಿಪ್ ಆಗದೆ ಇರುತ್ತದೆಯೇ? ಟ್ರಿಪ್ ಆದ ಸ್ವಿಚ್ಚು ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಬೀಗದ ಕೈ ಮುಚ್ಚಿದ ಆಫೀಸಿನಲ್ಲಿ. ಗ್ಯಾಸ್ ಒಲೆ ಇತ್ತು, ಅನ್ನ ಬೆಂದಿತು. ಹೋದ ಕೂಡಲೇ ಎಷ್ಟು ಆಂಪಿಯರ್ ಅಂತ ಕೇಳಿಬಿಡಿ, ಅಷ್ಟೇ.

ಎಲ್ಲಕ್ಕಿಂತ ದೊಡ್ಡ ತಾಪತ್ರಯ ಆದದ್ದು ಇಟಲಿಯಲ್ಲಿ. ಬಾರ್ಸಿಲೋನಾದಿಂದ ಚಿವಿತಾವೆಕ್ಕಿಯಾ ಬಂದರಿಗೆ ಹಡಗಿನಲ್ಲಿ ಬಂದು ಮಾರ್ಕೆ ಪ್ರಾಂತ್ಯದ ಗುಡ್ಡಗಳ ಕಡೆ ಹೋಗುತ್ತಿದ್ದೆವು. ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಕೆಂಪು ದೀಪ ಹತ್ತಿತು. ಎಂಜಿನ್ ಓಡುವಾಗ ಬ್ಯಾಟರಿ ತುಂಬುವ ಆಲ್ಟರ್ನೇಟರ್ ಹೋಗಿತ್ತು. ಹೇಗೋ ಅಂದಿನ ತಂಗುವ ಜಾಗಕ್ಕೆ, ಒಂದು ತೋಟದ ಮನೆಯ ಅಂಗಳಕ್ಕೆ, ತಲುಪಿದೆವು.

ಆಲ್ಟರ್ನೇಟರ್ ಬದಲಿಸುವುದು ದೊಡ್ಡ ಕೆಲಸವೇನಲ್ಲ. ಆದರೆ ಅದು ಆಗಸ್ಟ್ 15ರ ಹಿಂದಿನ ವಾರ. ಆ ದಿನ ಇಟಲಿಯಲ್ಲಿ ಫೆರಾಗೋಸ್ತೊ ಹಬ್ಬ. ಅದರ ಹಿಂದೆ ಮುಂದೆ ಅರ್ಧ ದೇಶ ಬೀಗ ಹಾಕಿಕೊಂಡು ಸಮುದ್ರ ತೀರಕ್ಕೆ ಹೋಗಿರುತ್ತದೆ. ಗ್ಯಾರೇಜು, ಬಿಡಿಭಾಗದ ಅಂಗಡಿ, ಗೋದಾಮು, ಎಲ್ಲದರ ಬಾಗಿಲಿಗೂ ಒಂದೇ ಚೀಟಿ: "ಕಿಯೂಸೊ ಪೆರ್ ಫೆರಿಯೆ", ರಜೆಗಾಗಿ ಮುಚ್ಚಿದೆ. ತೆರೆದಿದ್ದ ಒಬ್ಬ ಮೆಕ್ಯಾನಿಕ್, ಭಾಗ ಬರುವುದು 20ನೇ ತಾರೀಕು ದಾಟಿದ ಮೇಲೆಯೇ ಅಂದರು. ಏನು ಕೆಟ್ಟಿತು ಅನ್ನುವುದಕ್ಕಿಂತ ಯಾವಾಗ ಕೆಟ್ಟಿತು ಅನ್ನುವುದೇ ದೊಡ್ಡದು ಅಂತ ನನಗೆ ಮನದಟ್ಟಾದದ್ದು ಅಲ್ಲಿ.

ನಮಗೆ ಇನ್ನೊಂದು ಲೆಕ್ಕವೂ ಇತ್ತು. ನಮ್ಮದು ಭಾರತದ ಪಾಸ್‌ಪೋರ್ಟ್. ಜರ್ಮನಿಯ ವಾಸದ ಕಾರ್ಡು ಇದ್ದರೂ ಬೇರೆ ಷೆಂಗೆನ್ ದೇಶಗಳಲ್ಲಿ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳಲ್ಲಿ) 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಕಾಯುವ ದಿನವೂ ಅದರಲ್ಲೇ ಕಳೆಯುತ್ತದೆ. ಆಸೆಪಟ್ಟಿದ್ದ ಸಿಸಿಲಿ ದ್ವೀಪವನ್ನು ಅಲ್ಲೇ ಕೈಬಿಟ್ಟೆವು. ಬೇಜಾರಾಯಿತು, ಆಗದೆ ಇರುತ್ತದೆಯೇ?

ಆದರೆ ಈ ಸಲ ಮನೆ ನಮ್ಮ ಜೊತೆಗೇ ಇತ್ತು. ಎಂಜಿನ್ ಸತ್ತಿದ್ದರೂ ಚಾವಣಿಯ ಸೋಲಾರ್‌ನಿಂದ ಒಳಗಿನ ಬ್ಯಾಟರಿ ತುಂಬುತ್ತಿತ್ತು. ದೀಪ, ನೀರಿನ ಪಂಪು ನಡೆಯುತ್ತಿದ್ದವು. ಫ್ರಿಜ್ಜು ಗ್ಯಾಸಿನಲ್ಲಿ ಓಡುತ್ತಿತ್ತು. ಗಾಡಿಯನ್ನು ಎಳೆದುಕೊಂಡು ಹೋಗಬೇಡಿ, ಭಾಗ ಬಂದ ದಿನ ನೀವೇ ಬನ್ನಿ ಅಂತ ಮೆಕ್ಯಾನಿಕ್‌ಗೆ ಕೇಳಿಕೊಂಡೆವು, ಅವರು ಒಪ್ಪಿದರು. ಇಡೀ ಪ್ರವಾಸದಲ್ಲಿ ನಾವು ತೆಗೆದುಕೊಂಡ ಒಳ್ಳೆಯ ನಿರ್ಧಾರ ಇದೇ ಅನ್ನುತ್ತೇನೆ.

ಆಗಸ್ಟ್ ಅಲ್ಲಿ ಟೊಮೆಟೊ ಕಾಲ. ನಮ್ಮ ಕಡೆ ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಸೇರಿ ಸಂಡಿಗೆ ಇಡುವ ಹಾಗೆ ಅವರು ವರ್ಷಕ್ಕಾಗುವಷ್ಟು ಟೊಮೆಟೊ ರಸ ಮಾಡಿಡುತ್ತಾರೆ. ತೋಟದ ಮನೆಯ ಅಜ್ಜಿ ಮಕ್ಕಳಿಬ್ಬರಿಗೂ ಏಪ್ರನ್ ಕಟ್ಟಿದರು. ದೊಡ್ಡವನು ಬೇಯಿಸಿದ ಹಣ್ಣನ್ನು ಯಂತ್ರಕ್ಕೆ ಹಾಕಿ ಹಿಡಿ ತಿರುಗಿಸುತ್ತಿದ್ದ. ಒಂದು ಕಡೆ ರಸ, ಇನ್ನೊಂದು ಕಡೆ ಸಿಪ್ಪೆ ಮತ್ತು ಬೀಜ. ಚಿಕ್ಕವಳ ಕೆಲಸ ಒಂದೊಂದು ಬಾಟಲಿಗೆ ಒಂದೊಂದು ತುಳಸಿಯಂಥ ಎಲೆ ಹಾಕುವುದು. ಆಮೇಲೆ ಬಾಟಲಿಗಳು ಒಂದಕ್ಕೊಂದು ತಾಗಿ ಒಡೆಯದಂತೆ ಹಳೆ ಬಟ್ಟೆ ಸುತ್ತಿ ದೊಡ್ಡ ಹಂಡೆಯಲ್ಲಿ ಕುದಿಸಿದರು. ನಾನು ಅದೇ ಟೊಮೆಟೊದಲ್ಲಿ ಸಾರು ಮಾಡಿ ಕೊಟ್ಟೆ. ಅಜ್ಜಿ ಒಂದು ತುತ್ತಿಗೆ ಕೆಮ್ಮಿದರು, ಆದರೂ ಬಟ್ಟಲು ಖಾಲಿ ಮಾಡಿದರು. ಅವರಿಗೆ ಕನ್ನಡ ಬಾರದು, ಮಕ್ಕಳಿಗೆ ಇಟಾಲಿಯನ್ ಬಾರದು, ಆದರೂ ಅವರ ಮಾತು ಒಂದು ಗಳಿಗೆಯೂ ನಿಲ್ಲಲಿಲ್ಲ.

ಸೆಪ್ಟೆಂಬರಿನಲ್ಲಿ ಇಟಲಿಯ ಉತ್ತರದ ಡೊಲೊಮೈಟ್ಸ್ ಬೆಟ್ಟಗಳಲ್ಲಿ, 1,800 ಮೀಟರ್ ಆಸುಪಾಸಿನ ಕ್ಯಾಂಪ್‌ಸೈಟ್‌ನಲ್ಲಿ, ಬೆಳಿಗ್ಗೆ ಎದ್ದರೆ ಗಾಡಿಯ ನಲ್ಲಿಯಲ್ಲಿ ತೊಟ್ಟು ನೀರಿಲ್ಲ. ಟ್ಯಾಂಕೂ ಖಾಲಿ. ಸೋರಿಕೆ ಅಂತ ಗಾಬರಿಯಾಗುವುದು ಸಹಜ, ಆದರೆ ಅದು ಕೆಟ್ಟಿದ್ದಲ್ಲ. ಗಾಡಿಯಲ್ಲಿ ನೀರು ಕಾಯಿಸುವ ಬಾಯ್ಲರ್‌ನ ಹತ್ತಿರ ಒಂದು ಪುಟ್ಟ ವಾಲ್ವ್ ಇರುತ್ತದೆ. ಚಳಿ ಸುಮಾರು 3 ಡಿಗ್ರಿಗೆ ಇಳಿದರೆ ಅದು ತಾನಾಗೇ ತೆರೆದು ಬಾಯ್ಲರಿನ ನೀರನ್ನೆಲ್ಲ ಹೊರಗೆ ಬಿಡುತ್ತದೆ, ಪಂಪು ಆನ್ ಇದ್ದರೆ ಟ್ಯಾಂಕಿನ ನೀರೂ ಅದರ ಜೊತೆ ಹೋಗುತ್ತದೆ. ನೀರು ಹೆಪ್ಪುಗಟ್ಟಿ ಬಾಯ್ಲರ್ ಒಡೆಯಬಾರದು ಅಂತ ಈ ಏರ್ಪಾಡು. ಅದರ ಸುತ್ತ 7 ಡಿಗ್ರಿಯಷ್ಟು ಬಿಸಿ ಆಗುವ ತನಕ ಅದನ್ನು ಮತ್ತೆ ಮುಚ್ಚಲು ಬರುವುದಿಲ್ಲ. ಹೀಟರ್ ಹಾಕಿ ಕಾದೆವು, ಪಕ್ಕದ ಗಾಡಿಯವರು ಕ್ಯಾನಿನಲ್ಲಿ ನೀರು ಕೊಟ್ಟರು, ಕಾಫಿ ಆಯಿತು.

ಮಕ್ಕಳು ಹೆದರಲಿಲ್ಲವೇ ಅಂತಲೂ ಕೇಳುತ್ತಾರೆ. ಹೆದ್ದಾರಿಯ ಬದಿಯಲ್ಲಿ ಹೆದರಿದರು, ನಾವೂ ಹೆದರಿದೆವು. ಮಿಕ್ಕ ಕಡೆ ಇಲ್ಲ. ರಾತ್ರಿ ಮಲಗುವ ಜಾಗ ಇದು ಅಂತ ತೋರಿಸಿದ ಮೇಲೆ ಅವರು ಗಾಡಿಯ ಚಿಂತೆ ಬಿಟ್ಟು ಆಟಕ್ಕೆ ಹೋದರು. ಜರ್ಮನಿಯಲ್ಲಿ ಶಾಲೆ ಸೇರಿದ ಮಕ್ಕಳನ್ನು ಮನಸ್ಸು ಬಂದಾಗ ಬಿಡಿಸಿಕೊಂಡು ಹೋಗಲು ಆಗುವುದಿಲ್ಲ. ಅದಕ್ಕೇ ದೊಡ್ಡವನು ಒಂದನೇ ಕ್ಲಾಸು ಸೇರುವ ಮುಂಚೆ, ಮಗು ನೋಡಿಕೊಳ್ಳಲು ಅಪ್ಪ ಅಮ್ಮ ಇಬ್ಬರಿಗೂ ಸಿಗುವ ರಜೆ ಹಾಕಿ ಹೊರಟೆವು. ನಿಮ್ಮ ಮಕ್ಕಳೂ ಆ ವಯಸ್ಸಿನವರಾದರೆ ಮುಂದೂಡಬೇಡಿ. ಬಾಗಿಲ ಬಳಿಯ ಚೀಲ ಕಟ್ಟಿಡಿ. ಆಗಸ್ಟಿನಲ್ಲಿ ಇಟಲಿ ಕಡೆ ಹೋಗುವವರು ಜುಲೈ ಮುಗಿಯುವುದರೊಳಗೆ ಸರ್ವೀಸ್ ಮಾಡಿಸಿ, ಬ್ಯಾಟರಿಯ ಜೊತೆ ಆಲ್ಟರ್ನೇಟರನ್ನೂ ಪರೀಕ್ಷೆ ಮಾಡಿ ಅಂತ ಬಾಯಿಬಿಟ್ಟು ಕೇಳಿ.