ರೋಧವೇ ಸೊನ್ನೆಯಾದ ಮೇಲೆ ನೀವು ಅಳೆಯುವುದಾದರೂ ಏನನ್ನು?

ನಾನು ಸೂಪರ್‌ಕಂಡಕ್ಟರ್‌ಗಳ, ಅಂದರೆ ಸಾಕಷ್ಟು ತಣ್ಣಗಾದಾಗ ವಿದ್ಯುತ್ ರೋಧವನ್ನೇ ಕಳೆದುಕೊಳ್ಳುವ ವಸ್ತುಗಳ ಮೇಲೆ ಕೆಲಸ ಮಾಡುವವನೆಂದು ತಿಳಿದವರೆಲ್ಲ ಕೇಳುವುದು ಇದನ್ನೇ. ಗೃಹಪ್ರವೇಶವೊಂದರ ಊಟದಲ್ಲಿ ನಿವೃತ್ತ ವಿದ್ಯುತ್ ಎಂಜಿನಿಯರೊಬ್ಬರು, "ಸೊನ್ನೆ ಅಳೆಯೋಕೂ ಸಂಬಳ ಕೊಡ್ತಾರೇನ್ರೀ?" ಎಂದಾಗ ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಸೇವಾವಧಿಯುದ್ದಕ್ಕೂ ಸಾಗಣೆ ನಷ್ಟದ ಲೆಕ್ಕ ಬರೆದವರೇ ಹೀಗೆ ಕೇಳಿದರೆ ಉಳಿದವರನ್ನು ದೂರಿ ಏನು ಫಲ?

ಸ್ವಾಮಿ, ಆ ಸೊನ್ನೆಗೆ ಷರತ್ತಿದೆ. ಭೌತವಿಜ್ಞಾನಿಗಳಾದ ಬೆಡ್ನೋರ್ಜ್ ಮತ್ತು ಮ್ಯೂಲರ್ 1986ರಲ್ಲಿ ಬಾಗಿಲು ತೆರೆದ ತಾಮ್ರದ ಆಕ್ಸೈಡ್ ಸೂಪರ್‌ಕಂಡಕ್ಟರ್‌ಗಳಲ್ಲಿ, ಕಾಂತಕ್ಷೇತ್ರವು ಒಂದು ಮಿತಿ ದಾಟಿದೊಡನೆ ಎಳೆಎಳೆಯಾಗಿ ಒಳನುಗ್ಗುತ್ತದೆ; ಪ್ರತಿ ಎಳೆಯ ಸುತ್ತಲೂ ವಿದ್ಯುತ್ತು ಸುಳಿಯಾಗಿ ತಿರುಗುತ್ತದೆ. 1 ಟೆಸ್ಲಾ ಕ್ಷೇತ್ರದಲ್ಲಿ ಪಕ್ಕಪಕ್ಕದ ಸುಳಿಗಳ ನಡುವಿನ ಅಂತರ ಸುಮಾರು 49 ನ್ಯಾನೋಮೀಟರ್ ಅಷ್ಟೇ. ನೀವು ಹರಿಸುವ ವಿದ್ಯುತ್ತು ಈ ಸುಳಿಗಳನ್ನು ಪಕ್ಕಕ್ಕೆ ತಳ್ಳುತ್ತದೆ, ಸುಳಿ ಸರಿದರೆ ವೋಲ್ಟೇಜ್ ಹುಟ್ಟುತ್ತದೆ, ರೋಧ ಮರಳುತ್ತದೆ. ಹರಳಿನ ದೋಷಗಳಲ್ಲಿ ಅವು ಸಿಕ್ಕಿಕೊಂಡಿರುವಷ್ಟು ಹೊತ್ತು ಮಾತ್ರ ನಿಮ್ಮ ಸೊನ್ನೆ.

ಬಿಸ್ಮತ್-2212 ಎಂಬ ಇಂಥದೇ ಸಂಯುಕ್ತದಲ್ಲಿ ಇದು ಇನ್ನೂ ಹದಗೆಡುತ್ತದೆ. ಅದರ ತಾಮ್ರ-ಆಕ್ಸಿಜನ್ ಪದರಜೋಡಿಗಳು ಸುಮಾರು 1.5 ನ್ಯಾನೋಮೀಟರ್‌ಗೊಂದರಂತಿದ್ದು, ಅವುಗಳ ನಡುವಿನ ನಂಟು ಬಹಳ ಸಡಿಲ. ಹೀಗಾಗಿ ಸುಳಿಯು ಎಳೆಯಾಗಿರದೆ, ಭೌತವಿಜ್ಞಾನಿ ಜಾನ್ ಕ್ಲೆಮ್ 1991ರಲ್ಲಿ ವಿವರಿಸಿದಂತೆ, ಪದರಕ್ಕೊಂದರಂತೆ ನಿಂತ ಬಿಲ್ಲೆಗಳ ಸಾಲಾಗಿರುತ್ತದೆ. ಸ್ವಲ್ಪ ಶಾಖ ಸಾಕು, ಬಿಲ್ಲೆಗಳು ತಮ್ಮ ತಮ್ಮ ಪದರದಲ್ಲೇ ಜಾರತೊಡಗುತ್ತವೆ. 4.2 ಕೆಲ್ವಿನ್‌ನಲ್ಲಿ (ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್) 20 ಟೆಸ್ಲಾಗೂ ಜಗ್ಗದ ಇದೇ ವಸ್ತು, ದ್ರವ ನೈಟ್ರೋಜನ್‌ನ 77 ಕೆಲ್ವಿನ್‌ನಲ್ಲಿ ಪದರಗಳಿಗೆ ಲಂಬವಾಗಿ ಹಿಡಿದ ಸಾಧಾರಣ ಅಯಸ್ಕಾಂತಕ್ಕೇ ಸೋಲುತ್ತದೆ. ಪದರಗಳ ನಂಟು ಬಿಗಿಯಾಗಿರುವ, ಇಟ್ರಿಯಂ ಬೆರೆತ ಇನ್ನೊಂದು ತಾಮ್ರದ ಆಕ್ಸೈಡ್ ಸಂಯುಕ್ತವು ಅಲ್ಲಿಯೂ ಹಲವು ಟೆಸ್ಲಾಗಳನ್ನು ತಾಳಿಕೊಳ್ಳುತ್ತದೆ.

ಸುಳಿಗಳು ಕರಗುತ್ತವೆಯೇ ಎಂದು ಯಾರಾದರೂ ಕೇಳಿದ್ದರೆ ಎರಡನೇ ಸಲದ ಪಾಯಸವನ್ನೂ ಬಿಟ್ಟು ಉತ್ತರಿಸುತ್ತಿದ್ದೆ. ಅವು ಕ್ರಮಬದ್ಧ ಜಾಲರಿಯಾಗಿ ನಿಲ್ಲುತ್ತವೆಂದು ಭೌತವಿಜ್ಞಾನಿ ಅಬ್ರಿಕೋಸೊವ್ 1957ರಲ್ಲೇ ಲೆಕ್ಕ ಹಾಕಿದ್ದರು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಜೆಲ್ಡೋವ್ ತಂಡವು 1995ರಲ್ಲಿ ಬಿಸ್ಮತ್ ಹರಳಿನ ಮೈಮೇಲೆ ಕಾಂತಕ್ಷೇತ್ರ ಅಳೆಯುವ ಪುಟ್ಟ ಹಾಲ್ ಸಂವೇದಕಗಳನ್ನಿಟ್ಟು ನೋಡಿದಾಗ, ಆ ಜಾಲರಿ ಕರಗಿದ ಕ್ಷಣದಲ್ಲಿ ಸುಳಿಗಳ ಸಾಂದ್ರತೆ ಥಟ್ಟನೆ ಒಂದಿಷ್ಟು ಏರಿತು. ಮಂಜುಗಡ್ಡೆ ನೀರಾಗುವಾಗಲೂ ಹೀಗೆಯೇ. ಜಾಲರಿ ಗಟ್ಟಿಯಾಗಿರುವಾಗ ದೋಷಗಳು ಕೆಲವೇ ಸುಳಿಗಳನ್ನು ಹಿಡಿದರೂ ನೆರೆಯವೂ ನಿಲ್ಲುತ್ತವೆ. ಕರಗಿದ ಮೇಲೆ ಹಿಡಿತಕ್ಕೆ ಸಿಕ್ಕವು ಸಿಕ್ಕಲ್ಲೇ ಉಳಿದು, ಮಿಕ್ಕವು ಅವುಗಳನ್ನು ಬಳಸಿಕೊಂಡು ಹರಿದುಹೋಗುತ್ತವೆ.